ಹೋಲ್‌ಕೋಂಬ್ ಸತ್ರದ ಹೊಸ ಫಲಕ

ಜೂನ್ 13, ಸೋಮವಾರ. ಬೆಳಿಗ್ಗೆ 6.30. ನ್ಯಾಚೆಜ್, ಅಮ್ಮನ ಮನೆ

ಐಸ್ ಪೆಟ್ಟಿಗೆ ತುಂಬಿತು. ಹ್ಯಾಮ್ ಸ್ಯಾಂಡ್‌ವಿಚ್, ಉಪ್ಪಿನಲ್ಲಿ ಬೇಯಿಸಿದ ಕಡಲೆಕಾಯಿ, ಪೀಚ್ ಹಣ್ಣು. ಪೀಚ್‌ನಲ್ಲಿ ಎರಡು ಆಗಲೇ ಮಗ ಸೈಲಸ್‌ನ ಹೊಟ್ಟೆ ಸೇರಿವೆ. ಹದಿಮೂರರ ಹುಡುಗ, ಕೇಳುವ ಹಾಗಿಲ್ಲ. ರಾಂಡಲ್ ವ್ಯಾನಿನ ಟೈರು ಒದ್ದು ನೋಡುತ್ತಿದ್ದಾನೆ. ಒದ್ದರೆ ಏನು ತಿಳಿಯುತ್ತದೋ... ಮದುವೆಯಾದಾಗಿನಿಂದ ಕೇಳಬೇಕು ಅಂದುಕೊಂಡಿದ್ದೇನೆ.

ಟೆನೆಸಿಯ ನಮ್ಮ ಮನೆಗೆ ಹೆದ್ದಾರಿಯಲ್ಲಾದರೆ ಒಂದೇ ದಿನ. ನಾವು ಮಾತ್ರ ಎಂದಿನಂತೆ ಹಳೆಯ ಟ್ರೇಸ್ ರಸ್ತೆಯಲ್ಲಿ, ಎರಡು ದಿನ, ಇತಿಹಾಸದ ಫಲಕ ಕಂಡಲ್ಲೆಲ್ಲ ನಿಂತು. ಮಕ್ಕಳು ಸರದಿಯಂತೆ ಗಟ್ಟಿಯಾಗಿ ಓದಬೇಕು. ಇದು ಅಪ್ಪನ ಕಾಲದ ನಿಯಮ.

ನಿನ್ನೆ ಸಂಜೆ ಅಮ್ಮನ ಜೊತೆ ಜಗಳ. ಮೂವತ್ತೊಂದು ವರ್ಷ ಎರಡನೇ ಕ್ಲಾಸಿಗೆ ಪಾಠ ಹೇಳಿದವಳು. ನಾನು ಮಕ್ಕಳನ್ನು ಶಾಲೆಗೆ ಹಾಕದೆ ಮನೆಯಲ್ಲೇ ಓದಿಸುವುದು ಅವಳಿಗೆ ಮೊದಲಿಂದಲೂ ಗಂಟಲ ಮುಳ್ಳು.

"ಟ್ಯಾಬಿನ ಸ್ವಲ್ಪ ದಿನ ನನ್ನ ಹತ್ರ ಬಿಡೇ. ನಿನ್ನ ಮಗಳಿಗೆ ಒಂಬತ್ತು ವರ್ಷ ಆಯ್ತು. ಆ ಮಗು ಓದೋದು ನಂಗ್ಯಾಕೋ ಸರಿ ಕಾಣ್ತಿಲ್ಲ."

"ಕೀರ್ತನೆಗಳನ್ನ ಸಾಲುಸಾಲು ಹೇಳ್ತಾಳಮ್ಮ ಅವಳು."

"ಹೇಳ್ತಾಳೆ. ಓದ್ತಾಳಾ? ಹೆತ್ತವರಿಗೆ ಹೆಗ್ಗಣ ಮುದ್ದು."

ನನಗೂ ಮೂಗಿನ ತುದೀಲೇ ಸಿಟ್ಟು. "ನನ್ನ ಮಕ್ಕಳಿಗೆ ನಾನೇ ಟೀಚರ್. ಇನ್ನೊಂದ್ಸಲ ಈ ಮಾತೆತ್ತಿದ್ರೆ ಕ್ರಿಸ್‌ಮಸ್‌ಗೂ ಬರಲ್ಲ" ಅಂದೆ. ಅಮ್ಮ ಎದ್ದುಹೋಗಿ ಪಾತ್ರೆ ತೊಳೆದಳು. ತೊಳೆದಿದ್ದ ಪಾತ್ರೆಗಳನ್ನೇ.

ಅದೇ ದಿನ, ಮಧ್ಯಾಹ್ನ 12. ರಾಕಿ ಸ್ಪ್ರಿಂಗ್ಸ್

ಬೆಳಿಗ್ಗೆ ಎಮರಾಲ್ಡ್ ದಿಬ್ಬದ ಮೇಲಿಂದ ಮಕ್ಕಳಿಬ್ಬರೂ ಉರುಳಿಕೊಂಡು ಬಂದರು. ನಾನೂ ಅಲ್ಲೇ ಉರುಳಿದ್ದೆ, ಏಳು ವರ್ಷದವಳಿದ್ದಾಗ. ಈಗ ಉರುಳಿದರೆ ಎಬ್ಬಿಸಲು ಕ್ರೇನ್ ಬೇಕು ಎಂದ ರಾಂಡಲ್. ಅವನ ಸ್ಯಾಂಡ್‌ವಿಚ್‌ಗೆ ನಾನು ಸಾಸಿವೆ ಸಾಸ್ ಹಚ್ಚಲಿಲ್ಲ.

ಇಲ್ಲಿ ಊರು ಹೋಗಿ ಚರ್ಚ್ ಒಂದೇ ಉಳಿದಿದೆ. ಮೆಟ್ಟಿಲ ಮೇಲೆ ಕೂತಿದ್ದೇನೆ. ಅಪ್ಪನ ಸ್ಟೇಷನ್ ವ್ಯಾಗನ್ ನೆನಪಾಗುತ್ತಿದೆ, ತೊಡೆ ಸುಡುತ್ತಿದ್ದ ಅದರ ಹಿಂದಿನ ಸೀಟು. "ಓದ್ದೇ ಹೋದ್ರೆ ಸತ್ತವರು ಬೇಜಾರು ಮಾಡ್ಕೋತಾರೆ ಪುಟ್ಟಿ" ಅನ್ನುತ್ತಿದ್ದ. ನಾನು ಪಟಪಟನೆ ಓದಿದರೆ ಅವನಿಗೆ ಎಷ್ಟು ಹೆಮ್ಮೆ. ಆ ಮುಖವನ್ನು ಇನ್ನೊಂದು ಸಲ ನೋಡುವುದಕ್ಕೆ ಏನು ಬೇಕಾದರೂ ಕೊಟ್ಟೇನು.

ಸಂಜೆ 7. ಟುಪೆಲೊ, ಮೋಟೆಲ್

ಆದದ್ದು ಆದ ಹಾಗೆ ಬರೆಯುತ್ತೇನೆ.

ಹೋಲ್‌ಕೋಂಬ್ ಸತ್ರ. ದಾರಿಹೋಕರು ತಂಗುತ್ತಿದ್ದ ಹಳೆಯ ಮರದ ಮನೆ, ಪ್ರತಿ ವರ್ಷ ನಿಲ್ಲುತ್ತೇವೆ. ಟ್ಯಾಬಿಯ ಸರದಿ. ನಾನು ಹತ್ತು ಹೆಜ್ಜೆ ದೂರದಲ್ಲಿ ಪೀಚ್ ಹೆಚ್ಚುತ್ತಿದ್ದೆ. ಅವಳು ಸಾಲುಗಳ ಕೆಳಗೆ ಬೆರಳಿಟ್ಟು ಶುರು ಮಾಡಿದಳು — "ದಣಿದು ಬಂದವರಿಗೆ ಹೋಲ್‌ಕೋಂಬ್ ಕುಟುಂಬವು ಬಿಸಿ ಜೋಳದ ರೊಟ್ಟಿಯನ್ನೂ ಬೆಚ್ಚನೆಯ ಹಾಸಿಗೆಯನ್ನೂ ನೀಡುತ್ತಿತ್ತು..." ಎಷ್ಟು ಚೆಂದ, ಒಂದು ಕಡೆಯೂ ತಡವರಿಸಲಿಲ್ಲ. ನನ್ನ ತುಟಿಯೂ ಅವಳ ಜೊತೆ ಆಡುತ್ತಿತ್ತು. ಸೈಲಸ್ ಸುಮ್ಮಸುಮ್ಮನೆ ಕೆಮ್ಮುತ್ತಿದ್ದ.

ಅವಳ ಹಿಂದೆ ವಯಸ್ಸಾದ ಕಪ್ಪು ಹೆಂಗಸೊಬ್ಬರು ನಿಂತಿದ್ದರು, ಭಾನುವಾರ ಚರ್ಚಿಗೆ ಹಾಕುವಂಥ ಟೋಪಿ ಹಾಕಿಕೊಂಡು. ಮೆಲ್ಲಗೆ ಅಂದರು: "ಅದು ಹಳೇ ಫಲಕದ ಮಾತು ಕಂದಾ. ಇದು ಹೊಸದು, ಈ ವಸಂತದಲ್ಲಿ ಹಾಕಿದ್ದು. ಗುಲಾಮರಾಗಿ ಆ ರೊಟ್ಟಿ ಬೇಯಿಸಿದವರ ಹೆಸರಿದೆ ಇದರಲ್ಲಿ. ನಮ್ಮ ವಂಶದವಳೂ ಒಬ್ಬಳಿದ್ದಾಳೆ, ಡೋರ್ಕಸ್ ಅಂತ. ಓದು, ಕೇಳೋಣ."

ಟ್ಯಾಬಿಯ ಬೆರಳು ಫಲಕದ ಮೇಲೆ ಓಡಾಡಿತು. ಮೇಲಿಂದ ಕೆಳಗೆ, ಮತ್ತೆ ಮೇಲಕ್ಕೆ. ಡೋರ್ಕಸ್ ಸಿಗಲಿಲ್ಲ. ಎರಡನೇ ಸಾಲಿನಲ್ಲೇ ಇತ್ತು, ದಪ್ಪ ಅಕ್ಷರದಲ್ಲಿ. ತಿರುಗಿ ನನ್ನನ್ನು ನೋಡಿದಳು. ಆ ನೋಟ ನಾನು ಸಾಯುವವರೆಗೂ ಮರೆಯಲಾರೆ.

ಆ ತಾಯಿ ನಮ್ಮಿಬ್ಬರ ಮುಖ ನೋಡಿದರು. ಏನೂ ಕೇಳದೆ, ತಾವೇ ಹನ್ನೊಂದು ಹೆಸರು ಓದಿದರು. ಟ್ಯಾಬಿಯ ಕೈ ಹಿಡಿದುಕೊಂಡೇ ಓದಿದರು.

ವ್ಯಾನಿನಲ್ಲಿ ಮೊದಲು ಸೈಲಸ್‌ನ ಮೇಲೆ ಹರಿಹಾಯ್ದೆ.

"ನಿಂಗೆ ಗೊತ್ತಿತ್ತಾ?"

"ಎರಡು ವರ್ಷದಿಂದ. ನಾನು ಮೊದಲೇ ಓದಿ ಅವಳ ಕಿವೀಲಿ ಹೇಳ್ತಿದ್ದೆ. ಇಲ್ಲಿದು ಬಾಯಿಪಾಠ ಇದೆ, ಬೇಡ ಅಂದ್ಲು."

"ನಂಗ್ಯಾಕೆ ಹೇಳ್ಲಿಲ್ಲ?"

ಟ್ಯಾಬಿಯೇ ಉತ್ತರ ಕೊಟ್ಟಳು, ಕಿಟಕಿಯ ಕಡೆ ಮುಖ ಮಾಡಿಕೊಂಡು. "ಚರ್ಚಲ್ಲಿ ಎಲ್ಲರ ಹತ್ರ ಹೇಳ್ತೀಯಲ್ಲ, ನನ್ನ ಮಕ್ಕಳು ಐದಕ್ಕೇ ಓದಿದ್ರು ಅಂತ. ನಿಂಗೆ ಅವಮಾನ ಆಗುತ್ತೆ ಅಂತ."

ಈಗ ಎಲ್ಲ ಹೊಳೆಯುತ್ತಿದೆ. ಹೋಟೆಲಿನಲ್ಲಿ ಯಾವಾಗಲೂ "ಸೈಲಸ್‌ಗೆ ಕೊಟ್ಟಿದ್ದೇ ನಂಗೂ". ಪಾಠದ ಹೊತ್ತಿಗೆ ಕಣ್ಣುರಿ. "ನೀನೇ ಓದಮ್ಮ, ನಿನ್ನ ದನಿ ಚೆನ್ನಾಗಿದೆ" — ನಾನು ಉಬ್ಬಿಹೋಗಿ ಓದುತ್ತಿದ್ದೆ. ದೀಪದ ಬುಡದಲ್ಲೇ ಕತ್ತಲು. ಅಮ್ಮ ಹತ್ತೇ ದಿನದಲ್ಲಿ ಕಂಡದ್ದು ನನಗೆ ನಾಲ್ಕು ವರ್ಷ ಕಾಣಲಿಲ್ಲ.

ಜೂನ್ 14

ಹೆದ್ದಾರಿಯಲ್ಲಿ ಬಂದೆವು. ಎಲ್ಲೂ ನಿಲ್ಲಲಿಲ್ಲ.

ಜುಲೈ 29, ಶುಕ್ರವಾರ

ಆರು ವಾರ ಈ ಪುಸ್ತಕ ತೆರೆದಿರಲಿಲ್ಲ. ನ್ಯಾಶ್‌ವಿಲ್‌ನಲ್ಲಿ ಟ್ಯಾಬಿಗೆ ಪರೀಕ್ಷೆ ಮಾಡಿಸಿದೆವು. ಡಿಸ್‌ಲೆಕ್ಸಿಯಾ. ಬುದ್ಧಿ ಚುರುಕಾಗಿಯೇ ಇದೆ, ಅಕ್ಷರ ಮಾತ್ರ ಕೈಗೆ ಸಿಗುವುದಿಲ್ಲ, ಕಲಿಸುವ ರೀತಿಯೇ ಬೇರೆ ಅಂದರು. ನಾನೇ ಕಲಿಸುತ್ತೇನೆ ಅಂದೆ. ಹಟ.

ದಿನಾ ಬೆಳಿಗ್ಗೆ ಅಡುಗೆಮನೆ ಮೇಜಿನಲ್ಲಿ ಇಬ್ಬರೂ ಅಳುತ್ತೇವೆ. ಇವತ್ತು ಒಂದೇ ಪದ ನಾಲ್ಕನೇ ಸಲ ತಪ್ಪಿದಾಗ ಮೇಜು ಗುದ್ದಿಬಿಟ್ಟೆ. ಅವಳು ಕೆನ್ನೆ ಮುಚ್ಚಿಕೊಂಡಳು. ಒಂದು ದಿನವೂ ಹೊಡೆದವಳಲ್ಲ ನಾನು. ಆದರೂ ಮುಚ್ಚಿಕೊಂಡಳು.

ರಾಂಡಲ್ ಹೆಚ್ಚು ಮಾತಿನವನಲ್ಲ. "ನಿಮ್ಮಮ್ಮಂಗೆ ಫೋನ್ ಮಾಡೇ" ಅಂದ, ಅಷ್ಟೇ.

ಮಾಡಿದೆ. ಇಂಥ ಮಕ್ಕಳಿಗೆ ಕಲಿಸಲು ಅಮ್ಮ ಪ್ರತ್ಯೇಕ ತರಬೇತಿ ಪಡೆದಿದ್ದಳಂತೆ. ನಾನು ಯಾವತ್ತೂ ಕೇಳಿರಲಿಲ್ಲ. ನಾನು ಆಗಲೇ ಹೇಳ್ಲಿಲ್ವಾ ಅನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ.

"ಕರ್ಕೊಂಡು ಬಾ. ಕ್ರಿಸ್‌ಮಸ್‌ವರೆಗೂ ಇರ್ಲಿ."

"ನಾನು ಕೆಟ್ಟ ಟೀಚರಾ ಅಮ್ಮ?"

"ಸೈಲಸ್‌ಗೆ ಒಳ್ಳೆ ಟೀಚರ್. ಇವಳಿಗಲ್ಲ. ಮೂಗು ಒರೆಸ್ಕೋ, ಊಟ ಮಾಡು."

ಐದು ತಿಂಗಳು. ಒಂದು ರಾತ್ರಿಯೂ ಟ್ಯಾಬಿಯನ್ನು ಬಿಟ್ಟು ಮಲಗಿದವಳಲ್ಲ ನಾನು.

ಆಗಸ್ಟ್ 13, ಶನಿವಾರ. ಮಧ್ಯಾಹ್ನ 3. ಟ್ರೇಸ್ ರಸ್ತೆ

ದಕ್ಷಿಣಕ್ಕೆ, ನಾವಿಬ್ಬರೇ. ಟ್ಯಾಬಿ ಮುಂದಿನ ಸೀಟಿನಲ್ಲಿ. ಈಗ ವ್ಯಾನು ನಿಲ್ಲಿಸಿದ್ದೇನೆ, ಅವಳು ಶೌಚಕ್ಕೆ ಹೋಗಿದ್ದಾಳೆ. ಬರುವಷ್ಟರಲ್ಲಿ ಇದನ್ನು ಬರೆದಿಡಬೇಕು, ಮರೆಯಬಾರದು.

ಬೆಳಿಗ್ಗೆಯಿಂದ ಅವಳದು ಕಿಟಕಿಯ ಕಡೆಗೇ ಮುಖ. ಕೋಪವಿರಬೇಕು, ಮನೆಯಿಂದ ಓಡಿಸುತ್ತಿದ್ದೇನೆ ಅಂದುಕೊಂಡಿರಬೇಕು ಅಂತ ತಿಳಿದೆ. ಆಮೇಲೆ ಇದ್ದಕ್ಕಿದ್ದಂತೆ ಕೇಳಿದಳು:

"ಇನ್ಮೇಲೆ ಮೀಮಾನೇ ನಂಗೆ ಟೀಚರ್ರಾ?"

"ಹೂಂ, ಅಜ್ಜಿನೇ."

"ಹಾಗಾದ್ರೆ ನೀನು?"

"ನಾನು ಬರೀ ಅಮ್ಮ."

"ಹಾಗೇ ಇರು" ಅಂದಳು. ಸೀಟ್ ಬೆಲ್ಟ್ ಸಡಿಲಿಸಿಕೊಂಡು ನನ್ನ ತೋಳಿಗೆ ತಲೆ ಒರಗಿಸಿದಳು. ಎಷ್ಟು ದಿನವಾಗಿತ್ತು, ಹಾಗೆ ಒರಗಿ. ನಾನು ಲೆಕ್ಕ ಹಾಕಲು ಹೋದೆ, ಅವಳಿಗೆ ಐದು ವರ್ಷ, ಅಕ್ಷರ ಶುರು ಮಾಡಿದ ವರ್ಷ, ಅದಕ್ಕೂ ಮೊದಲು ಒರಗಿದ್ದೇ ಕೊನೆ...

ಬರುತ್ತಿದ್ದಾಳೆ. ನಾನು ಕಣ್ಣು ಒರೆಸಿಕೊಳ್ಳಬೇಕು.