ಗುಳಿಗೆ ಬಿಡಿಸಿದವರ ಮೇಲಿನವರು ಯಾರು?

ಪ್ರಕೃತಿ ಚಿಕಿತ್ಸಕರಿಗೆ ಪರವಾನಗಿ ಕೊಡುವ, ಅಥವಾ ಕೊಡಬೇಕಾದ, ಅಥವಾ ಅದು ತಮ್ಮ ಕೆಲಸವೇ ಅಲ್ಲ ಎನ್ನಲಿರುವ ಮಾನ್ಯ ಅಧಿಕಾರಿಗಳೇ,

ನನ್ನ ಹೆಂಡತಿ ಮಹೇಶ್ವರಿ ಮೂರ್ಛೆರೋಗದ ಗುಳಿಗೆಗಳನ್ನು ಬಿಟ್ಟಿದ್ದಾಳೆ. ಬಿಡಿಸಿದವರು ಪ್ರಕೃತಿ ಚಿಕಿತ್ಸಕರೆಂದು ಬೋರ್ಡು ಹಾಕಿಕೊಂಡು ಊರೂರು ಶಿಬಿರ ಮಾಡುವ ಒಬ್ಬ ಮಹಾಶಯರು. ಹಾಗೆ ಬಿಡಿಸುವ ಅಧಿಕಾರ ಅವರಿಗೆ ಇದೆಯೇ, ಇದ್ದರೆ ಕೊಟ್ಟವರು ಯಾರು ಎಂದು ಕೇಳುತ್ತ ಕಂಡ ಕಂಡ ಕಚೇರಿಯ ಬಾಗಿಲು ತಟ್ಟಿದೆ. ಉತ್ತರ ಸಿಗಲಿಲ್ಲ. ಅದಕ್ಕೇ ನಾಲ್ಕು ಜನ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನನಗೆ ಹೆದರಿಕೆಯಾಗಿದೆ. ಅರ್ಜಿಯಲ್ಲಿ ಇಂಥ ಮಾತು ಬರೆಯಬಾರದು ಎಂಬುದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಅರ್ಜಿ ಬರೆಯುವುದೇ ನನ್ನ ಕಸುಬು.

ಹುನಗುಂದದ ತಾಲ್ಲೂಕು ಕಚೇರಿಯ ಹೊರಗೆ ಬೇವಿನ ಗಿಡದ ಕೆಳಗೆ ನನ್ನದೊಂದು ಮೇಜು ಇದೆ. ಪಿಂಚಣಿ ನಿಂತವರಿಗೆ, ಪಹಣಿಯಲ್ಲಿ ಹೆಸರು ತಪ್ಪಾದವರಿಗೆ ನಾನೇ ಬಾಯಿ. ತಮ್ಮಂಥವರಿಗೆ 'ದಯಾಪರರಾದ ತಾವು' ಎಂದು ಎಷ್ಟು ಸಲ ಬರೆದಿದ್ದೇನೋ, ಅಷ್ಟು ದಯೆ ನಿಜಕ್ಕೂ ಇದ್ದಿದ್ದರೆ ಈ ತಾಲ್ಲೂಕಿನಲ್ಲಿ ಯಾರಿಗೂ ಅರ್ಜಿಯ ಅಗತ್ಯವೇ ಇರುತ್ತಿರಲಿಲ್ಲ. ಈಗ ಆ ಮೇಜಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಕಮತಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತಿದ್ದೇನೆ. ಒಳಗೆ ಮಹೇಶ್ವರಿ ಸೀರೆ ನೇಯುತ್ತಿದ್ದಾಳೆ. ನಮ್ಮದು ಕುಣಿಮಗ್ಗ. ನೇಯುವವರು ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಮಗ್ಗದ ಸದ್ದು ಕೇಳುತ್ತಿರುವವರೆಗೆ ನಾನು ಬರೆಯುತ್ತೇನೆ. ನಿಂತರೆ ಎದ್ದು ಓಡುತ್ತೇನೆ. ಬೇಡ ಮಾರಾಯ್ತಿ, ಮಗ್ಗಕ್ಕೆ ಕೂರಬೇಡ ಎಂದು ಕೈಮುಗಿದು ನೋಡಿದೆ. "ಸುಮ್ನ ಕುಂತ್ರ ನನಗ ಹುಚ್ಚ ಹಿಡೀತೈತ್ರಿ" ಎಂದಳು.

ನಡೆದದ್ದನ್ನು ಹೇಳುತ್ತೇನೆ. ಕೆರೂರಿನ ಒಂದು ಕಲ್ಯಾಣ ಮಂಟಪದಲ್ಲಿ ಆ ಮಹಾಶಯರ ಶಿಬಿರವಿತ್ತು. ಅಲ್ಲಿಯೇ ಇರುವ ತನ್ನ ತಂಗಿಯ ಜೊತೆ ಮಹೇಶ್ವರಿ ಹೋಗಿದ್ದಳು. ಸೊಪ್ಪಿನ ರಸ ಕುಡಿಸಿದರು, ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ ಇಟ್ಟರು, ಉಸಿರಾಟ ಹೇಳಿಕೊಟ್ಟರು. ಇದಕ್ಕೆ ನನ್ನ ತಕರಾರಿಲ್ಲ. ಕೊನೆಯ ದಿನ ಅವರು ಹಣೆತುಂಬ ವಿಭೂತಿ ಹಚ್ಚಿಕೊಂಡು, ಕಾವಿ ಜೋಳಿಗೆಯೊಂದನ್ನು ಹೆಗಲಿಗೆ ಹಾಕಿಕೊಂಡು ಸಾಲಿನ ನಡುವೆ ಬಂದರು.

ತಮಗೆ ನಮ್ಮ ಕಡೆಯ ಜೋಳಿಗೆಯ ವಿಷಯ ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ಮಠದ ಅಜ್ಜಾರು, ಅಂದರೆ ಸ್ವಾಮಿಗಳು, ಜೋಳಿಗೆ ಹಿಡಿದು ಓಣಿಗೆ ಬಂದರೆ ಎಲ್ಲ ಸಲವೂ ಜೋಳ ಕೇಳುವುದಿಲ್ಲ. ನಿಮ್ಮ ದುಶ್ಚಟ ಹಾಕಿ ಎನ್ನುತ್ತಾರೆ. ಕುಡಿಯುವವನು ಬಾಟಲಿ, ತಂಬಾಕಿನವನು ತನ್ನ ಪೊಟ್ಟಣ ತಂದು ಅದರಲ್ಲಿ ಹಾಕಿ ಕಾಲಿಗೆ ಬೀಳುತ್ತಾನೆ. ಹಾಕಿದ್ದನ್ನು ತಿರುಗಿ ಮುಟ್ಟುವ ಹಾಗಿಲ್ಲ. ಹೀಗೆ ಉಳಿದ ಮನೆಗಳು ಎಷ್ಟೋ ಇವೆ. ನನ್ನ ಮಾವನವರು ಕುಡಿತ ಬಿಟ್ಟದ್ದೂ ಹಾಗೆಯೇ. ಆ ಜೋಳಿಗೆಗೆ ಹೆಂಡದ ಬಾಟಲಿ ಬಿದ್ದದ್ದನ್ನು ಕಣ್ಣಾರೆ ಕಂಡು ಬೆಳೆದ ಹುಡುಗಿ ನನ್ನ ಹೆಂಡತಿ.

ಆ ಮಹಾಶಯರು ಜೋಳಿಗೆಯ ಬಾಯಿ ಅಗಲಿಸಿ ಹೇಳಿದರಂತೆ: "ಚಟ ಅಂದ್ರ ಬರೇ ಸೆರೆ, ತಂಬಾಕ ಅಲ್ಲ ತಾಯಂದಿರಾ. ಗುಳಿಗೀನೂ ಒಂದು ಚಟಾನ. ಹಾಕ್ರಿ ಇದರಾಗ!"

ಜನ ಹಾಕಿದರು. ಸಕ್ಕರೆ ಕಾಯಿಲೆಯವರು ಹಾಕಿದರು, ಬಿಪಿಯವರು ಹಾಕಿದರು, ಎದೆಯ ಆಪರೇಷನ್ ಆದವರೊಬ್ಬರು ಚೀಲ ಸಮೇತ ಸುರುವಿದರಂತೆ. ಮಹೇಶ್ವರಿಯೂ ತನ್ನ ಪೊಟ್ಟಣ ಹಾಕಿ, ಕಾಲಿಗೆರಗಿ, ಬದಲಿಗೆ ಹೆಸರಿಲ್ಲದ ಒಂದು ಕಂದುಪುಡಿ ತೆಗೆದುಕೊಂಡು ಮನೆಗೆ ಬಂದಳು. ಅವತ್ತಿನ ಅವಳ ಮುಖ ಇನ್ನೂ ನನ್ನ ಕಣ್ಣ ಮುಂದಿದೆ. "ಜೋಳಿಗ್ಯಾಗ ಹಾಕಿ ಬಂದೇನಿ ನೋಡ್ರಿ. ಭಾಳ ಹಗರ ಆಗೈತಿ" ಎಂದಳು. ಅವಳನ್ನು ಬೈಯಲು ನನ್ನಿಂದ ಆಗಲಿಲ್ಲ. ಸಣ್ಣವಳಿದ್ದಾಗಿನಿಂದ ಗುಳಿಗೆ ನುಂಗಿದವಳು. ಓಣಿಯ ಹೆಂಗಸರು 'ಇನ್ನೂ ಗುಳಿಗಿ ಮ್ಯಾಲೇ ಅದಾಳೇನು' ಎಂದು ಕೇಳುವುದನ್ನು ಕೇಳಿ ಕೇಳಿ ಸಾಕಾದವಳು. ಗುಳಿಗೆಯಿಂದ ಮೈಯೆಲ್ಲ ಜೋಮು, ಕಣ್ಣ ತುಂಬ ನಿದ್ದೆ. ಆದರೆ ಅದೇ ಗುಳಿಗೆಯಿಂದ ವರ್ಷಗಟ್ಟಲೆ ಒಮ್ಮೆಯೂ ಫಿಟ್ಸು ಬಂದಿರಲಿಲ್ಲ ಎಂಬುದು ಅವಳಿಗೂ ಮರೆತಿತ್ತು, ನನಗೂ ಮರೆತಿತ್ತು.

ಮುಂದೆ ಹೆಚ್ಚು ದಿನ ಬೇಕಾಗಲಿಲ್ಲ. ಒಂದು ಮಧ್ಯಾಹ್ನ ಮಗ್ಗದ ಸದ್ದು ನಿಂತಿತು. ಅಡುಗೆಮನೆಯಲ್ಲಿದ್ದ ನನ್ನ ಅವ್ವ ಗುರುಸಿದ್ದವ್ವ ಬಂದು ನೋಡಿದರೆ ಸೊಸೆ ಮಗ್ಗಕ್ಕೆ ಬಿಗಿದ ಹಾಸಿನ ನೂಲಿನ ಮೇಲೆ ಬೋರಲು ಬಿದ್ದು ಒದ್ದಾಡುತ್ತಿದ್ದಳು, ಕಾಲು ಕುಣಿಯೊಳಗೆ ಸಿಕ್ಕಿಕೊಂಡಿತ್ತು. ಅವ್ವನ ಕೂಗಿಗೆ ಪಕ್ಕದ ಮನೆಯ ಹುಸೇನಬಿ ಓಡಿ ಬಂದು ಎತ್ತಿದಳು. ನಾನು ಹುನಗುಂದದಿಂದ ಬಂದು ಸೇರುವಷ್ಟರಲ್ಲಿ ಮಹೇಶ್ವರಿ ಗೋಡೆಗೆ ಒರಗಿ ಕೂತಿದ್ದಳು, ನಾನು ಯಾರೆಂದು ತಿಳಿಯದೆ ನನ್ನನ್ನೇ ನೋಡಿದಳು. ನಾಲಿಗೆ ಕಚ್ಚಿಕೊಂಡಿದ್ದಳು. ಹಾಸಿನ ನೂಲಿನ ಮೇಲೆ ರಕ್ತವಿತ್ತು.

ಆ ಮಹಾಶಯರಿಗೆ ಫೋನು ಮಾಡಿದೆ. "ಗಾಬರಿ ಆಗಬ್ಯಾಡ್ರಿ. ಒಳಗಿನ ವಿಷ ಹೊರಗ ಬರಾಕತ್ತೈತಿ. ಚಲೋ ಲಕ್ಷಣ ಇದು. ಪುಡಿ ಇನ್ನೊಂದು ಚಮಚ ಜಾಸ್ತಿ ಮಾಡ್ರಿ" ಎಂದರು. ಇಂಥ ಚಲೋ ಲಕ್ಷಣ ಅವರ ಮನೆಗೂ ಬರಲಿ ಎಂದು ಹಾರೈಸುವಷ್ಟು ಕೆಟ್ಟವನು ನಾನಲ್ಲ. ಅವಳನ್ನು ಸರಕಾರಿ ದವಾಖಾನೆಗೆ ಒಯ್ದೆವು. ಅಲ್ಲಿನ ಡಾಕ್ಟರು ನನ್ನನ್ನು ಹೊರಗೆ ಕರೆದು, "ಗುಳಿಗಿ ಒಮ್ಮೆಲೆ ಬಿಟ್ರ ಹಿಂಗ ಆಗತೈತಿ. ಮುಂದ ಫಿಟ್ಸು ಒಂದರ ಹಿಂದ ಒಂದು ಬಂದು ನಿಲ್ಲಲಿಲ್ಲ ಅಂದ್ರ ಉಳಿಸಿಕೊಳ್ಳೋದು ಕಷ್ಟ ಐತ್ರಿ. ಇವತ್ತಿಂದನ ಚಾಲೂ ಮಾಡಸ್ರಿ" ಎಂದರು. ಬರುವ ದಾರಿಯಲ್ಲಿ ಔಷಧದ ಅಂಗಡಿಯ ಅಫ್ಜಲ, "ಶ್ರೀಶೈಲಣ್ಣಾ, ವೈನಿಯವರಿಗೆ ಮೊದಲ ಈ ಗುಳಿಗಿ ಕೊಡ್ರಿ" ಎಂದು ಪೊಟ್ಟಣವನ್ನು ನನ್ನ ಕೈಯಲ್ಲಿ ತುರುಕಿದ.

ಅವಳು ಮುಟ್ಟಲಿಲ್ಲ. "ಜೋಳಿಗ್ಯಾಗ ಹಾಕಿದ್ದು ತಿರುಗಿ ತಗೊಂಡ್ರ ಉಗುಳಿದ್ದ ನೆಕ್ಕಿದಂಗ. ನಮ್ಮಪ್ಪ ಸಾಯೂ ತನಕ ಮತ್ತ ಕುಡೀಲಿಲ್ಲ. ನಾ ಅವನ ಮಗಳು ಅದೇನಿ" ಎಂದಳು. ಮಠಕ್ಕೆ ಕರೆದುಕೊಂಡು ಹೋದೆ. ಅಜ್ಜಾರು ನೊಂದುಕೊಂಡರು. "ಚಟ ಹಾಕು ಅಂದೇವಿ, ಔಷಧ ಹಾಕು ಅಂದಿಲ್ಲವಾ. ಆ ಜೋಳಿಗಿ ನಮ್ಮದಲ್ಲ. ಗುಳಿಗಿ ತಗೋ ಮಗಳ" ಎಂದರು. ಅವಳು ನಮಸ್ಕಾರ ಮಾಡಿದಳು. ಬಸ್ಸಿನಲ್ಲಿ ಕೂತ ಮೇಲೆ ಮೆಲ್ಲಗೆ, "ಅಜ್ಜಾರು ದೊಡ್ಡವರು ಖರೆ. ಆದ್ರ ಆ ಶಿಬಿರದ ಡಾಕ್ಟರು ಇವರ ಕೈ ಕೆಳಗಿಲ್ಲಲ್ಲ. ದವಾಖಾನಿ ಡಾಕ್ಟರ ಕೈ ಕೆಳಗೂ ಇಲ್ಲ. ಅವರ ಮ್ಯಾಲಿನವರು ಯಾರು? ಅವರು ಬಂದು ತಪ್ಪು ಅಂದ್ರ ತಗೋತೇನಿ" ಎಂದಳು.

ಮಾನ್ಯರೇ, ಈ ಕಾನೂನು ಅವಳಿಗೆ ಬೇರೆ ಯಾರೂ ಕಲಿಸಿದ್ದಲ್ಲ. ಒಬ್ಬರ ಆದೇಶವನ್ನು ಅವರ ಮೇಲಿನವರೇ ರದ್ದು ಮಾಡಬೇಕು, ಸರಿಸಮಾನರು ಮಾಡಿದರೆ ನಡೆಯುವುದಿಲ್ಲ ಎಂದು ದಿನಾ ಊಟಕ್ಕೆ ಕೂತಾಗ ಪುರಾಣ ಹೇಳುತ್ತಿದ್ದವನು ನಾನೇ. ಗಂಡನ ಮಾತು ಹೆಂಡತಿ ಕೇಳುವುದಿಲ್ಲ ಎನ್ನುವವರು ನಮ್ಮ ಮನೆಗೆ ಬಂದು ನೋಡಲಿ. ಗುಳಿಗೆ ಅರೆದು ಅಂಬಲಿಯಲ್ಲಿ ಬೆರೆಸು ಎಂದು ಅವ್ವ ಸಲಹೆ ಕೊಟ್ಟಳು. ಎಷ್ಟು ದಿನ ಬೆರೆಸುವುದು? ಒಂದು ದಿನ ಗೊತ್ತಾದರೆ ಅವಳು ನಮ್ಮ ಕೈಯ ನೀರನ್ನೂ ಮುಟ್ಟುವುದಿಲ್ಲ.

ಹಾಗಾಗಿ ಅವರ ಮೇಲಿನವರನ್ನು ಹುಡುಕಲು ಹೊರಟೆ. ಒಂದು ಕಚೇರಿಯಲ್ಲಿ, ಇದು ಇಂಗ್ಲಿಷ್ ಔಷಧದ ವಿಷಯವಲ್ಲ, ದೇಶೀ ವೈದ್ಯದವರನ್ನು ಕೇಳಿ ಎಂದರು. ಅಲ್ಲಿಗೆ ಹೋದರೆ, ಆ ಹೆಸರು ನಮ್ಮ ನೋಂದಣಿಯಲ್ಲೇ ಇಲ್ಲ, ನಮ್ಮವರಲ್ಲದ ಮೇಲೆ ನಾವು ಹೇಗೆ ಕ್ರಮ ತೆಗೆದುಕೊಳ್ಳುವುದು ಎಂದರು. ಎಂಥ ನ್ಯಾಯ ನೋಡಿ! ನೋಂದಾಯಿಸಿಕೊಂಡವನು ತಪ್ಪು ಮಾಡಿದರೆ ಶಿಕ್ಷೆ, ನೋಂದಣಿಯನ್ನೇ ಮಾಡಿಸದಿದ್ದರೆ ರಕ್ಷೆ. ಪೊಲೀಸರು ಕುರ್ಚಿ ಕೊಟ್ಟು, ಚಹಾ ತರಿಸಿ, "ಹೆಣ್ಮಗಳು ತಾನಾಗೇ ಬಿಟ್ಟಾಳ. ಕೇಸ ಏನಂತ ಬರಕೊಳ್ಳೂಣು? ಏನಾರ ಆದ ಮ್ಯಾಲ ಬರ್ರಿ" ಎಂದರು. ಏನಾರ ಆದ ಮೇಲೆ! ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ.

ಬಾದಾಮಿಯಲ್ಲಿ ದಾನೇಶ್ವರಿ ಎಂಬ ಪ್ರಕೃತಿ ಚಿಕಿತ್ಸಾ ವೈದ್ಯೆ ಇದ್ದಾರೆ. ಕಾಲೇಜಿನಲ್ಲಿ ವರ್ಷಾನುಗಟ್ಟಲೆ ಓದಿ ಪದವಿ ಪಡೆದವರು, ನೋಂದಣಿ ಮಾಡಿಸಿದವರು. ಅವ್ವನ ಮೊಣಕಾಲು ನೋವು ಇಳಿದದ್ದು ಅವರಿಂದಲೇ. ಅವರ ಹತ್ತಿರವೂ ಹೋದೆ. "ನಾನು ಪಥ್ಯ ಹೇಳ್ತೇನ್ರಿ, ನೀರು, ಮಣ್ಣು, ಯೋಗ ಹೇಳ್ತೇನಿ. ಫಿಟ್ಸಿನ ಗುಳಿಗಿ ಬರಿಯಾಕೂ ಹೋಗಂಗಿಲ್ಲ, ಬಿಡಸಾಕೂ ಹೋಗಂಗಿಲ್ಲ. ಆದ್ರ ಜನಕ್ಕ ನಾನೂ ಒಂದ, ಅವರೂ ಒಂದ. ಇಬ್ಬರ ಬೋರ್ಡಿನ ಮ್ಯಾಲೂ ಅದ ಅಕ್ಷರ ಅದಾವಲ್ಲ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಓದಿದವರಿಗೂ ಓದದವರಿಗೂ ಒಂದೇ ಬೋರ್ಡು ಎಂದರೆ ಇದೆಂಥ ಸಮಾನತೆ?

ಗುಳಿಗೆ ಬರೆಯಲು ಓದು ಬೇಕು, ನೋಂದಣಿ ಬೇಕು, ಸಹಿ ಬೇಕು, ಮೊಹರು ಬೇಕು. ಬಿಡಿಸಲು ಬರೇ ಬಾಯಿ ಸಾಕೇ? ಬರೆದುಕೊಡುವ ಅಧಿಕಾರ ಪ್ರಕೃತಿ ಚಿಕಿತ್ಸಕರಿಗೆ ಇರಬೇಕೇ ಬೇಡವೇ ಎಂದು ತಾವು ದೊಡ್ಡ ದೊಡ್ಡ ಸಭೆಗಳಲ್ಲಿ ಚರ್ಚಿಸುತ್ತೀರೆಂದು ಕೇಳಿದ್ದೇನೆ. ಚರ್ಚಿಸಿ. ಓದಿದವರಿಗೆ ಇಂತಿಷ್ಟು ಬರೆಯಬಹುದು ಎಂದು ಕೊಡುವುದಾದರೆ ಕೊಡಿ, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಇನ್ನೊಬ್ಬ ವೈದ್ಯರು ಬರೆದ ಔಷಧವನ್ನು ನಿಲ್ಲಿಸುವುದೂ ಒಂದು ಔಷಧ ಬರೆದಂತೆಯೇ ಅಲ್ಲವೇ? ಆ ಮಾತು ತಮ್ಮ ನಿಯಮದಲ್ಲಿ ಎಲ್ಲಿದೆ? ಹೆಸರಿಲ್ಲದ ಆ ಪುಡಿಯಲ್ಲಿ ಏನಿದೆ ಎಂದು ಕೇಳುವವರು ಯಾರು?

ಕ್ಷಮಿಸಿ, ಮಗ್ಗದ ಸದ್ದು ನಿಂತಿತು. ನೋಡಿ ಬರುತ್ತೇನೆ.

ಏನಿಲ್ಲ. ಲಾಳಿಯಲ್ಲಿ ನೂಲು ಮುಗಿದಿತ್ತು, ಬದಲಿಸುತ್ತಿದ್ದಳು. ನನ್ನ ಮುಖ ನೋಡಿ, "ಇನ್ನೂ ಇದ್ದೇನ್ರಿ, ಹೋಗ್ರಿ ಬರೀರಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಬಂದು ಮತ್ತೆ ಲೇಖನಿ ಹಿಡಿದಿದ್ದೇನೆ. ಮೇಲಿನ ಅಕ್ಷರಗಳಿಗಿಂತ ಇವು ಸೊಟ್ಟಗಿದ್ದರೆ ಅಚ್ಚು ಹಾಕುವವರು ತಿದ್ದಿಕೊಳ್ಳಲಿ.

ಅದೇ ಮಹಾಶಯರ ಮುಂದಿನ ಶಿಬಿರ ಇಳಕಲ್ಲಿನಲ್ಲಿದೆ. ಬಸ್ ನಿಲ್ದಾಣದ ಗೋಡೆಗೆ 'ಗುಳಿಗೆಮುಕ್ತ ಜೀವನ' ಎಂಬ ಪೋಸ್ಟರು ಅಂಟಿಸಿದ್ದಾರೆ. ಕಲ್ಲು ಪಾಲಿಶ್ ಮಾಡುವವರು, ನೇಕಾರರು, ಅವರ ಮನೆಯ ಮುದುಕರು ತಮ್ಮ ತಮ್ಮ ಪೊಟ್ಟಣ ಹಿಡಿದುಕೊಂಡು ಹೋಗುತ್ತಾರೆ. ಜೋಳಿಗೆ ಕಂಡರೆ ನಮ್ಮ ಜನ ಪ್ರಶ್ನೆ ಕೇಳುವುದಿಲ್ಲ, ತಲೆ ಬಾಗುತ್ತಾರೆ. ಅದು ನಮ್ಮ ಒಳ್ಳೆಯತನ. ಅದೇ ನಮ್ಮ ಕುತ್ತಿಗೆಗೆ ಬಂದಿದೆ.

ಆದ್ದರಿಂದ ನನ್ನ ಬೇಡಿಕೆ. ಆ ಶಿಬಿರ ನಡೆಯುವ ಮೊದಲು ಅಲ್ಲಿಗೆ ಬನ್ನಿ, ಅವರ ಪರವಾನಗಿ ಕೇಳಿ. ಓದಿದವರು ಯಾರು, ಅವರು ಏನು ಕೊಡಬಹುದು, ಯಾವುದನ್ನು ಮುಟ್ಟಬಾರದು ಎಂದು ಪ್ರತಿ ಬೋರ್ಡಿನ ಮೇಲೆ ನನ್ನ ಅವ್ವನಂಥವರಿಗೂ ತಿಳಿಯುವ ಕನ್ನಡದಲ್ಲಿ ಬರೆಸಿ. ನೋಂದಣಿ ಇಲ್ಲದವರೂ ತಮ್ಮವರೇ ಎಂದು ಒಪ್ಪಿಕೊಳ್ಳಿ, ಏಕೆಂದರೆ ಅವರು ಯಾರವರೂ ಅಲ್ಲದ್ದರಿಂದಲೇ ನಮಗೆ ಈ ಗತಿ ಬಂದಿದೆ.

ಇದೆಲ್ಲ ತಡವಾಗುತ್ತದೆಂದು ನನಗೆ ಗೊತ್ತು. ತಮ್ಮ ಕಡತಗಳ ನಡಿಗೆಯನ್ನು ನಾನು ಬಲ್ಲೆ. ತಡವಾಗದಂಥದು ಒಂದಿದೆ. ಅಫ್ಜಲ ಕೊಟ್ಟ ಪೊಟ್ಟಣ ನಮ್ಮ ದೇವರ ಜಗಲಿಯ ಮೇಲೆ, ವಿಭೂತಿಯ ಪಕ್ಕದಲ್ಲಿದೆ. ಮಹೇಶ್ವರಿ ದಿನಾ ಪೂಜೆಗೆ ಮುಂಚೆ ಜಗಲಿ ಒರೆಸುವಾಗ ಅದನ್ನು ಎತ್ತುತ್ತಾಳೆ, ಒರೆಸಿ ಅಲ್ಲಿಯೇ ಇಡುತ್ತಾಳೆ. ಎಸೆದಿಲ್ಲ. ಅವಳೂ ಕಾಯುತ್ತಿದ್ದಾಳೆ. ಸಂಜೆಯಾದರೆ "ಅವರ ಮ್ಯಾಲಿನವರು ಯಾರಂತ ಗೊತ್ತಾತೇನ್ರಿ?" ಎಂದು ಕೇಳುತ್ತಾಳೆ. ತಾವು ಒಂದೇ ಒಂದು ಸಾಲು ಬರೆದು ಕಳಿಸಿ: 'ಅವರ ಮೇಲಿನವನು ನಾನು. ಗುಳಿಗೆ ತಗೋ ತಾಯಿ.' ಕೆಳಗೆ ಮೊಹರು ಹಾಕಲು ಮರೆಯಬೇಡಿ. ಅವಳು ಅರ್ಜಿ ಬರೆಯುವವನ ಹೆಂಡತಿ, ಮೊದಲು ಮೊಹರನ್ನೇ ನೋಡುತ್ತಾಳೆ.

ಇಂತಿ,
ಊರವರ ಅರ್ಜಿಗಳಿಗೆಲ್ಲ ವಿಳಾಸ ಬರೆದುಕೊಟ್ಟು, ತನ್ನ ಅರ್ಜಿಗೆ ವಿಳಾಸ ಸಿಗದೆ ಕೂತಿರುವ
ಶ್ರೀಶೈಲ, ಅರ್ಜಿ ಬರಹಗಾರ, ಕಮತಗಿ

ಇದನ್ನು ಮುಗಿಸುವ ಹೊತ್ತಿಗೆ ಮಗ್ಗ ನಡೆಯುತ್ತಲೇ ಇದೆ.