ಬಂದ್ ಮಾಡದ ಸರ್ವರ್

ಗಂಗಾವತಿ
ಡಿಸೆಂಬರ್ ೧೧, ೨೦೨೪

ಚಿರಂಜೀವಿ ಅಂದಪ್ಪನಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ಮಗನೇ, ಬೆನ್ನುನೋವು ಹೇಗಿದೆ? ದಿನವಿಡೀ ಬಸ್ಸಿನ ಸ್ಟೇರಿಂಗ್ ಹಿಡಿದು ಕೂರುವವನು, ರಾತ್ರಿ ಎಣ್ಣೆ ಹಚ್ಚಿಕೊ ಎಂದರೆ ನಗುತ್ತೀ. ಬೀದರಿನಲ್ಲಿ ಚಳಿ ಜಾಸ್ತಿಯಂತೆ. ನಾನು ಕೊಟ್ಟು ಕಳಿಸಿದ ಮಫ್ಲರ್ ಇರುವುದು ಕಿವಿಗೆ ಸುತ್ತಿಕೊಳ್ಳಲು, ಡಿಪೋದ ಮೊಳೆಗೆ ನೇತುಹಾಕಲು ಅಲ್ಲ. ಇಲ್ಲಿ ನಾವೆಲ್ಲ ಆರಾಮ. ಫೋನಿನಲ್ಲಾದರೆ ಅರ್ಧ ಮಾತಿಗೇ ‘ಡ್ಯೂಟಿ ಐತಿ ಬೇ’ ಎಂದು ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ.

ಭಾನುವಾರ ಕುಷ್ಟಗಿಯವರು ಮೊಮ್ಮಗಳು ಹೇಮಾವತಿಯನ್ನು ನೋಡಿಕೊಂಡು ಹೋದರು. ಈ ಸಂಬಂಧ ನಿನ್ನ ಮನಸ್ಸಿಗೆ ಎಷ್ಟು ಬಂದಿದೆ ಎಂದು ನನಗೆ ಗೊತ್ತು. ರಜೆ ಸಿಗದೆ ನೀನು ಬರಲಿಲ್ಲವಾದ್ದರಿಂದ ಆದದ್ದನ್ನೆಲ್ಲ ಹೇಳುತ್ತೇನೆ. ನಿನ್ನ ಮಗಳ ಕೆಲಸಕ್ಕೆ ನೀನು ‘ಮನ್ಯಾಗ ಕುಂತು ಬಟನ್ ಒತ್ತೂದು’ ಅನ್ನುತ್ತೀ. ಅವಳು ಒತ್ತುವುದಿಲ್ಲ ಮಾರಾಯಾ, ಅವಳು ಬರೆದಿಟ್ಟ ಟೆಸ್ಟ್ ತಾನೇ ಒತ್ತುತ್ತದೆ! ಸಿದ್ದಾಪುರದ ಕಡೆಯ ರೈತರ ಭತ್ತದ ತೂಕ ಹಾಕುವ ಆ್ಯಪ್ ಸರಿ ನಡೆಯುತ್ತದೋ ಇಲ್ಲವೋ ಎಂದು ನೋಡುವ ಟೆಸ್ಟ್ ಅದು. ಮೊದಲು ತನ್ನ ಲ್ಯಾಪ್‌ಟಾಪಿನಲ್ಲೇ ಆ ಆ್ಯಪಿನ ಸರ್ವರ್, ಅಂದರೆ ಕೇಳಿದ್ದಕ್ಕೆ ಉತ್ತರ ಕೊಡುವ ಪ್ರೋಗ್ರಾಮ್, ಚಾಲೂ ಮಾಡಿ, ಅದು ಎದ್ದು ನಿಲ್ಲುವ ತನಕ ಕಾಯಬೇಕು. ಆಮೇಲೆ ಟೆಸ್ಟ್ ಓಡಿಸಬೇಕು, ಮುಗಿದ ಮೇಲೆ ಸರ್ವರ್ ಬಂದ್ ಮಾಡಬೇಕು. ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಇಷ್ಟು ನಾನೂ ಕಲಿತಿದ್ದೇನೆ.

ಭಾನುವಾರ ಬೆಳಿಗ್ಗೆಯೂ ಅದೇ ಕೆಲಸಕ್ಕೆ ಕೂತಿದ್ದಳು. ಅವರ ಗಾಡಿ ಓಣಿಗೆ ಬಂದದ್ದು ಕೇಳಿ ‘ಆಯಿ, ಸರ್ವರ್ ಬಂದ್ ಮಾಡಿ ಬರ್ತೀನಿ’ ಎಂದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ! ‘ಬೀಗರು ಹೊಸ್ತಿಲಕ್ಕ ಬಂದಾಗ ಏನೂ ಬಂದ್ ಮಾಡಬಾರ್ದು’ ಎಂದು ಗದರಿದೆ. ನಮ್ಮ ಮನೆಯಲ್ಲಿ ಬಂದವರು ಕೂರುವ ತನಕ ಒಲೆಯನ್ನೂ ಆರಿಸುವುದಿಲ್ಲ, ನಿನಗೆ ಗೊತ್ತಲ್ಲ. ಪಾಪದ ಹುಡುಗಿ ಲ್ಯಾಪ್‌ಟಾಪನ್ನು ಹಾಗೇ ಮುಚ್ಚಿ ಸೀರೆ ಉಡಲು ಹೋದಳು.

ಮಂಡಾಳ ಒಗ್ಗರಣೆ, ಮಿರ್ಚಿ ಎಲ್ಲ ತಿಂದದ್ದಾಯಿತು. ನಮ್ಮ ಕಾಲದಲ್ಲಿ ಹುಡುಗಿಗೆ ಒಂದು ಹಾಡು ಹಾಡು ಅನ್ನುತ್ತಿದ್ದರು. ಹುಡುಗನ ಅಪ್ಪ ‘ಹಾಡು ಬ್ಯಾಡವ್ವಾ, ನಿನ್ನ ಕೆಲಸ ತೋರ್ಸು’ ಎಂದರು. ಹುಡುಗ ಹಾಲೇಶನದೂ ಕಂಪ್ಯೂಟರ್ ಕೆಲಸವೇ, ಕುರ್ಚಿ ಹತ್ತಿರ ಎಳೆದುಕೊಂಡ. ಆಫೀಸಿನಿಂದ ಹೊಸ ಪ್ರೋಗ್ರಾಮ್ ಬಂದಿತ್ತು. ಅದನ್ನು ಇಳಿಸಿಕೊಂಡು ಟೆಸ್ಟ್ ಓಡಿಸಿದಳು. ಸಾಲಾಗಿ ಎಲ್ಲ ಹಸಿರು! ಚಪ್ಪಾಳೆ ತಟ್ಟಿದರು. ನಾನಂತೂ ಮನಸ್ಸಿನಲ್ಲೇ ಬಾಸಿಂಗ ಕಟ್ಟಿಬಿಟ್ಟಿದ್ದೆ.

ಇವಳ ಮುಖ ಮಾತ್ರ ಬಾಡಿತು. ‘ಇದು ಖರೇ ಪಾಸ್ ಅಲ್ರಿ’ ಎಂದಳು. ಬೆಳಿಗ್ಗೆಯ ಹಳೆಯ ಸರ್ವರ್ ಅದೇ ಜಾಗದಲ್ಲಿ ಇನ್ನೂ ನಡೆಯುತ್ತಿತ್ತಂತೆ, ಟೆಸ್ಟ್ ಹೋಗಿ ಅದನ್ನೇ ಕೇಳಿತ್ತಂತೆ. ಹೊಸ ಬಾಡಿಗೆಯವರನ್ನು ವಿಚಾರಿಸಲು ಹೋದರೆ, ಮನೆ ಬಿಡದ ಹಳಬ ಬಾಗಿಲು ತೆಗೆದು ಉತ್ತರ ಕೊಟ್ಟ ಹಾಗೆ. ಹಾಲೇಶ ಮೆಲ್ಲಗೆ ‘ಹಸಿರು ಬಂದೈತಲ್ರಿ, ಬಿಡ್ರಿ. ಆಫೀಸ್ನವರಿಗೆ ಏನ್ ಗೊತ್ತಾಗ್ತೈತಿ?’ ಎಂದ. ‘ನನಗ ಗೊತ್ತೈತಲ್ರಿ’ ಎಂದು ಇವಳು ಸೆರಗು ಸಿಕ್ಕಿಸಿ, ಹಳೆಯದನ್ನು ಬಂದ್ ಮಾಡಿ, ಹೊಸದನ್ನು ಎಬ್ಬಿಸಿ ಕಾದಳು. ಎಲ್ಲರ ಚಹಾ ಆರಿತು. ಕೊನೆಗೆ ಒಂದು ಕೆಂಪು ಬಂತು. ಹೊಸ ಪ್ರೋಗ್ರಾಮ್ ಒಂದೇ ಚೀಲಕ್ಕೆ ಎರಡು ಸಲ ತೇವಾಂಶದ ತೂಕ ಕಳೆಯುತ್ತಿತ್ತು. ಹಾಗೇ ಹೋಗಿದ್ದರೆ ಎಷ್ಟು ರೈತರ ಹೊಟ್ಟೆಯ ಮೇಲೆ ಹೊಡೆತ ಬೀಳುತ್ತಿತ್ತೋ! ಹಾಲೇಶ ಮಾತ್ರ ‘ಮದುವಿ ಆದಮ್ಯಾಲೆ ಇಷ್ಟು ಖಡಕ್ ನಡೆಯಂಗಿಲ್ಲ’ ಎಂದು ನಗೆಯಾಡಿದ. ಎಲ್ಲರೂ ನಕ್ಕರು. ಹೇಮಾವತಿ ನಗಲಿಲ್ಲ. ನನಗೂ ನಗು ಬರಲಿಲ್ಲ. ಅಂದಪ್ಪಾ, ಅವಳನ್ನು ಆಡಿಸಿ ಬೆಳೆಸಿದ ಈ ಕೈಗಳಿಗೆ ಅವತ್ತಿನಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ನಿನ್ನ ಹೆಂಡತಿ ಮಲ್ಲೇಶ್ವರಿ ಶೇಂಗಾ ಚಟ್ನಿ ಕುಟ್ಟಿಟ್ಟಿದ್ದಾಳೆ, ಬೀದರ ಬಸ್ಸಿಗೆ ಕೊಟ್ಟು ಕಳಿಸುತ್ತಾಳೆ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ತಣ್ಣಗಿಡಲಿ.

ನಿನ್ನ ಅವ್ವ,
ವಿರೂಪಾಕ್ಷಮ್ಮ

ತಾ.ಕ.: ಕವರಿಗೆ ಅಂಟು ಹಚ್ಚುವಾಗ ಕುಷ್ಟಗಿಯಿಂದ ಫೋನ್ ಬಂತು. ಹುಡುಗಿ ಒಪ್ಪಿಗೆಯಂತೆ, ಏನಂತೀರಿ ಎಂದು ಕೇಳಿದರು. ಹೇಮಾವತಿ ಬಾಗಿಲಲ್ಲೇ ನಿಂತಿದ್ದಳು. ‘ಬ್ಯಾಡಂದ್ರ ಅಪ್ಪಗ ಬ್ಯಾಸರ ಆಗ್ತೈತಿ ಆಯಿ, ಹ್ಞೂಂ ಅಂದ್ಬಿಡು’ ಎಂದಳು. ಕಣ್ಣು ತುಂಬಿತ್ತು. ಗುರುತಿಲ್ಲದ ರೈತರಿಗಾಗಿ ಅಷ್ಟು ಜನರ ಮುಂದೆ ಪಟ್ಟು ಬಿಡದವಳು, ನಿನಗಾಗಿ ತನ್ನ ಬಾಳನ್ನೇ ಬಿಟ್ಟುಕೊಡಲು ನಿಂತಿದ್ದಳು. ‘ನಮಗ ಈ ಸಂಬಂಧ ಬ್ಯಾಡ್ರಿ’ ಎಂದು ನಾನೇ ಹೇಳಿ ಫೋನ್ ಇಟ್ಟೆ. ಸಿಟ್ಟು ಬಂದರೆ ನನಗೆ ಫೋನ್ ಮಾಡಿ ಕೂಗಾಡು, ಅವಳಿಗಲ್ಲ.