ತಿರುಗಿಸದ ಉತ್ತರಗಳು

ಮಾರ್ಚ್ 3, ಬೆಳಿಗ್ಗೆ
ಅಂಧೇರಿ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಮತ್ತೆ ಅದೇ ಪುಟ. ಸ್ಟ್ಯಾಂಡರ್ಡ್ ಡೀವಿಯೇಷನ್. ತಲೆಗೆ ಹತ್ತುವುದಿಲ್ಲ. ಸೈಕಾಲಜಿ ಎಂ.ಎ. ಸೇರಿದ್ದು ಮನಸ್ಸನ್ನು ಓದಲು. ಈ ಲೆಕ್ಕ ಎಲ್ಲಿಂದ ಗಂಟುಬಿತ್ತು? ಪ್ರಾಜೆಕ್ಟೂ ಇದರ ಮೇಲೆಯೇ — ಸ್ಟ್ಯಾಟಿಸ್ಟಿಕ್ಸ್ ಎಂದರೆ ವಿದ್ಯಾರ್ಥಿಗಳಿಗೆ ಎಷ್ಟು ಭಯ, ಆ ಭಯಕ್ಕೂ ಮಾರ್ಕಿಗೂ ಏನು ನಂಟು. ರೋಗಿಯೇ ಡಾಕ್ಟರು.

ಮಾರ್ಚ್ 9
ರಿಸಲ್ಟ್ ಬಂತು! ಹೆಚ್ಚು ಹೆದರುವವರಿಗೇ ಹೆಚ್ಚು ಮಾರ್ಕು. ಗೈಡ್ ಮೇಡಂ ಕುಣಿಯುವುದೊಂದು ಬಾಕಿ. ಸೆಮಿನಾರಿಗೆ ಹೆಸರು ಕಳಿಸಿಯೇಬಿಟ್ಟರು. ಅಪ್ಪ ಮಾಟುಂಗದ ಹೋಟೆಲ್ ಕೌಂಟರಿನಲ್ಲಿ ಕೂತು ಗಿರಾಕಿಗಳಿಗೆಲ್ಲ ಸಾರಿದ್ದಾರೆ — "ನಮ್ಮ ಯಕ್ಷಿತಾ ಎಂತ ಕಂಡುಹಿಡಿದದ್ದು ಗೊತ್ತುಂಟಾ? ಹೆದರಿದವನೇ ಪಾಸು ಮಾರಾಯ್ರೆ!" ವೈವಾ ಸುಸೂತ್ರವಾಗಲೆಂದು ಅಮ್ಮ ಊರಿನ ದೈವ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ ಹರಕೆ ಹೇಳಿಕೊಂಡಿದ್ದಾಳೆ.

ಮಾರ್ಚ್ 17
ಹೋಯಿತು. ಎಲ್ಲ ಹೋಯಿತು.
ಪ್ರಶ್ನಾವಳಿಯಲ್ಲಿ ಬಹುಪಾಲು ವಾಕ್ಯಗಳು ಉಲ್ಟಾ. "ಲೆಕ್ಕ ಎಂದರೆ ನನಗೆ ಖುಷಿ" ಎಂಬುದಕ್ಕೆ ಐದು ಕೊಟ್ಟವನಿಗೆ ಭಯ ಕಡಿಮೆ. ಆ ಐದನ್ನು ತಿರುಗಿಸಿ ಒಂದು ಮಾಡಬೇಕಿತ್ತು. ಮಾಡಿಲ್ಲ. ಧೈರ್ಯವಂತರನ್ನೆಲ್ಲ ಪುಕ್ಕಲರ ಸಾಲಿಗೆ ಸೇರಿಸಿದ್ದೇನೆ! ಅಂಕಿ ಕಂಡರೆ ಕಣ್ಣುಮುಚ್ಚಿ ಕಾಪಿ-ಪೇಸ್ಟ್ ಮಾಡುವವಳಿಗೆ ಇನ್ನೇನಾಗುತ್ತದೆ?
ಕ್ಲಾಸಿನ ಅನಿಕೇತ್‌ಗೆ ಹೇಳಿದೆ. "ಚುಪ್ ರೆಹ್ ಯಾರ್, ಕೌನ್ ದೇಖತಾ ಹೈ?" ಎಂದ. ಸುಮ್ಮನಿರಬೇಕಂತೆ, ಯಾರೂ ನೋಡುವುದಿಲ್ಲವಂತೆ. ಮೇಡಂಗೆ ಹೇಳಿದರೆ ಇಡೀ ವರದಿ ಮತ್ತೆ ಬರೆಯಬೇಕು, ಸಬ್‌ಮಿಷನ್ ತಪ್ಪುತ್ತದೆ, ಒಂದು ವರ್ಷ ಹೋಗುತ್ತದೆ. ಹೇಳದಿದ್ದರೆ ಸುಳ್ಳಿಗೆ ಮಾರ್ಕು.

ಮಾರ್ಚ್ 18
ಆ ಉತ್ತರಗಳನ್ನೆಲ್ಲ ನಾನೇ ಕೂತು ತಿರುಗಿಸಿದೆ. ಹೆದರುವವರಿಗೆ ಕಡಿಮೆ ಮಾರ್ಕು — ಊರಿಗೆಲ್ಲ ಗೊತ್ತಿದ್ದದ್ದೇ. ಟ್ರಯಲ್‌ಗೆಂದು ನಾನು ತುಂಬಿದ ಹಾಳೆಯೂ ಅದರಲ್ಲಿದೆ. ಭಯದಲ್ಲಿ ಕ್ಲಾಸಿಗೇ ಫಸ್ಟ್ ನಾನು.
"ಎಂತಾಯ್ತು ಮಗಾ? ಮುಖ ಎಂತಕ್ಕೆ ಬಾಡಿದ್ದು?" ಅಮ್ಮ ಕೇಳಿದಳು. ಏನಿಲ್ಲವೆಂದೆ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತೆ.

ಮಾರ್ಚ್ 24, ಬೆಳಿಗ್ಗೆ 10
ಕಾಲೇಜು ಕಾರಿಡಾರ್. ಮುಂದಿನ ವೈವಾ ನನ್ನದು. ಹಳೆಯ ರಿಸಲ್ಟನ್ನೇ ಸಬ್‌ಮಿಟ್ ಮಾಡಿದ್ದೆ. ಹೇಡಿ. ಹೊಸದು ಬ್ಯಾಗಿನಲ್ಲಿದೆ. ಅಪ್ಪ ರಜೆ ಹಾಕಿ, ಇಸ್ತ್ರಿ ಮಾಡಿದ ಶರ್ಟ್ ತೊಟ್ಟು ಗೇಟಿನ ಹತ್ತಿರ ಕಾಯುತ್ತಿದ್ದಾರೆ.
ಮೇಡಂ ಬಾಗಿಲಿನಿಂದ ತಲೆ ಹೊರಹಾಕಿದರು — "ಯಕ್ಷಿತಾ, ಡರ್ ಲಗ್ ರಹಾ ಹೈ? ಅಚ್ಛಾ ಹೈ, ಮಾರ್ಕ್ಸ್ ಜ್ಯಾದಾ ಮಿಲೇಂಗೇ!" ಹೆದರಿಕೆಯಾದರೆ ಒಳ್ಳೆಯದೇ, ಮಾರ್ಕು ಜಾಸ್ತಿ ಸಿಗುತ್ತದಂತೆ! ಒಳಗಿದ್ದವರೆಲ್ಲ ನಕ್ಕರು. ಇನ್ನು ತಡೆಯಲಾರೆ.
ಹೊಸ ಹಾಳೆ ಹೊರಗೆ ತೆಗೆದಿದ್ದೇನೆ. ಕರೆಯುತ್ತಿದ್ದಾರೆ. ಅಪ್ಪ ಕ್ಷಮಿಸಲಿ. ಒಳಗೆ ಹೋಗಿ ಮೊದಲ ಮಾತೇ—